ಮಾಳಿಗೆಯ ಮೇಲೆ ಜಿಗಿದ ಮುಳ್ಳು

ಅವತ್ತು ರೆಕಾರ್ಡಿನ ಮುಳ್ಳು ಮೊದಲ ಸಲ ಜಿಗಿದದ್ದು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆಗಷ್ಟೇ ಅಂಗಳದಿಂದ ಯಾರೋ "ಹೆಸರಿಡೋದು ಇನ್ನಾ ಎಷ್ಟೊತ್ತರೀ?" ಎಂದು ಕೂಗಿದ್ದರು. ನಾನು ಗಡಿಯಾರ ನೋಡಿ "ಅರ್ಧಾ ತಾಸು" ಎಂದಿದ್ದೆ. ಹೇಳಿದ ಬಾಯಿ ಮುಚ್ಚುವಷ್ಟರಲ್ಲಿ ಹಾಡು ಒಂದು ಸಾಲು ನುಂಗಿ ಮುಂದಿನ ಸಾಲಿಗೆ ಹಾರಿತು.

ನಿನ್ನೆ ಸಂಜೆ ಪಕ್ಕದ ಕ್ವಾರ್ಟರ್ಸಿನವರು ಹಳೆಯ ಗೋಡೆಯ ಗಿಲಾವು ಕೆರೆಯುತ್ತಿದ್ದರು. ಕಿಟಕಿಯಿಂದ ಒಣ ಮಣ್ಣಿನ ವಾಸನೆ ಬಂತು, ಅಕ್ಕಿ ತೊಳೆಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ನೀವೂ ಇಂಥ ವಾಸನೆಗೆ ಸಿಕ್ಕಿದ್ದರೆ ಗೊತ್ತಿರುತ್ತದೆ. ಮೂಗು ಮೊದಲು ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಮನಸ್ಸು ಅದರ ಹಿಂದೆ ಏದುಸಿರು ಬಿಡುತ್ತ ತಲುಪುತ್ತದೆ. ನಾನು ಮತ್ತೆ ನಮ್ಮೂರು ಸಗರದ ಮನೆಯ ಮಾಳಿಗೆಯ ಮೇಲಿದ್ದೆ.

ನನ್ನ ತಮ್ಮ ಭೀಮಣ್ಣ ಶಹಾಪುರದಲ್ಲಿ ಡಿಜೆ. ಅವನ ಜೊತೆಯವರೆಲ್ಲ ಲ್ಯಾಪ್‌ಟಾಪಿನಲ್ಲಿ ಹಾಡು ಹಚ್ಚಿ ಕೈಕಟ್ಟಿ ನಿಂತರೆ, ಇವನು ಹೈದರಾಬಾದಿನಿಂದ ಎರಡು ಹಳೆಯ ಟರ್ನ್‌ಟೇಬಲ್ ತಂದು, ಕರಿ ತಟ್ಟೆಯಂಥ ರೆಕಾರ್ಡುಗಳನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸಿ ನುಡಿಸುತ್ತಾನೆ. "ಅವ್ರು ಗುಂಡಿ ಒತ್ತತಾರಕ್ಕ, ನಾ ದುಡೀತೀನಿ" ಎನ್ನುವುದು ಅವನ ಹೆಮ್ಮೆ. ಆದರೆ ಹಳ್ಳಿಯ ಅಂಗಳದಲ್ಲಿ ನೂರು ಕಾಲು ಒಟ್ಟಿಗೆ ನೆಲ ಗುದ್ದಿದರೆ ರೆಕಾರ್ಡಿನ ಮುಳ್ಳು ಗೆರೆ ಬಿಟ್ಟು ಜಿಗಿಯುತ್ತದೆ. ರಾಮಸಮುದ್ರದ ಒಂದು ಮದುವೆಯಲ್ಲಿ ಅದು ಎಷ್ಟು ಜಿಗಿಯಿತೆಂದರೆ, ಮದುಮಗನೇ "ಏ ಡಿಜೆ, ನಿನ್ನ ಮುಳ್ಳು ನಮಕಿಂತ ಜಾಸ್ತಿ ಕುಣ್ಯಾಕತ್ತದಲ್ಲೋ!" ಎಂದನಂತೆ. ಅವತ್ತಿನಿಂದ ಜಿಗಿಯದ ಮುಳ್ಳೇ ನನ್ನ ತಮ್ಮನ ಜೀವನದ ಗುರಿಯಾಯಿತು.

ಅವನು ಕಲಿತದ್ದು ಸಣ್ಣದಲ್ಲ. ಮುಳ್ಳು ಹಿಡಿದ ತೋಳಿನ ಹಿಂದಿನ ಗುಂಡನ್ನು ಕೂದಲೆಳೆಯಷ್ಟು ತಿರುಗಿಸಿ ಮುಳ್ಳಿನ ಭಾರ ಹೊಂದಿಸುತ್ತಿದ್ದ. ಅದನ್ನು ತೂಗಲು ಅಕ್ಕಸಾಲಿಗನಿಂದ ಪುಟ್ಟ ತಕ್ಕಡಿ ಕಡ ತರುತ್ತಿದ್ದ. ಟರ್ನ್‌ಟೇಬಲ್ಲಿನ ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲು, ಕಲ್ಲಿನ ಕೆಳಗೆ ಅರ್ಧಕ್ಕೆ ಕೊಯ್ದ ರಬ್ಬರ್ ಚೆಂಡು, ಅದರ ಸುತ್ತ ಮರಳಿನ ಚೀಲ. ಕೊನೆಗೆ ಕಲ್ಲಿನ ಮೇಲೆ ನೀರು ತುಂಬಿದ ತಟ್ಟೆ ಇಟ್ಟು ಮಟ್ಟ ನೋಡುವುದು. ಈ ತಟ್ಟೆಯ ಉಪಾಯ ನನ್ನದು. ಭೌತಶಾಸ್ತ್ರದಲ್ಲಿ ಹೇಗೋ ಪಾಸಾಗಿ ಬಿ.ಎಸ್ಸಿ. ಮುಗಿಸಿ, ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಕೂತವಳಿಗೆ ವಿಜ್ಞಾನ ತೋರಿಸಲು ಮತ್ತೆಲ್ಲಿ ಅವಕಾಶ?

ಇಷ್ಟೇ ಆಗಿದ್ದರೆ ನಾನು ಇವತ್ತು ನಗುತ್ತ ಬರೆಯುತ್ತಿದ್ದೆ. ಇನ್ನೊಂದು ಉಪಾಯವೂ ನನ್ನದೇ.

ಭೀಮಣ್ಣನ ಮಗಳಿಗೆ ಹೆಸರಿಡುವ ಕಾರ್ಯ ಸಗರದ ಮನೆಯಲ್ಲಿ ನಿಶ್ಚಯವಾಯಿತು. "ನನ್ನ ಮಗಳ ತೊಟ್ಟಲದಾಗೇ ಮುಳ್ಳು ಜಿಗದ್ರ ಮೀಸಿ ಬೋಳಿಸ್ತೀನಿ" ಎಂದ. ಅಂಗಳದಲ್ಲಿ ಕುಣಿಯುವವರು, ಮಕ್ಕಳು, ಮೇಕೆ. ನಾನು ಮೇಲೆ ನೋಡಿ ಹೇಳಿದೆ, "ಮಾಳಿಗಿ ಮ್ಯಾಲೆ ಇಡು. ಎರಡು ಮೊಳ ದಪ್ಪ ಮಣ್ಣು ಅದ. ಅದು ಅಲುಗಾಡಂಗಿಲ್ಲ."

ನಮ್ಮ ಕಡೆಯ ಮಾಳಿಗೆ ಮನೆ ನಿಮಗೆ ಗೊತ್ತಿದ್ದರೆ ಈಗಲೇ ಎದೆ ಹೊಡೆದುಕೊಂಡಿರುತ್ತೀರಿ. ಕಟ್ಟಿಗೆಯ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸೋರದಂತೆ ಸವುಳು ಮಣ್ಣು ತಂದು ಹೊಸದಾಗಿ ಹರಡುತ್ತೇವೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ನಮ್ಮ ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ, ಅಪ್ಪನ ಮಣ್ಣಿನ ಮೇಲೆ ಭೀಮಣ್ಣ. ಮೇಲೆ ಮೆಣಸಿನಕಾಯಿ ಒಣಗಿಸುತ್ತೇವೆ, ಶೇಂಗಾ ಹರವುತ್ತೇವೆ, ಬೇಸಿಗೆಯಲ್ಲಿ ಸಾಲಾಗಿ ಮಲಗುತ್ತೇವೆ. ಮಾಳಿಗೆಗೂ ಒಂದು ಭಾರದ ಲೆಕ್ಕ ಇದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಅದು ನಮಗೆ ಎತ್ತರದಲ್ಲಿರುವ ನೆಲ, ಅಷ್ಟೆ.

ನಾವು ಎಲ್ಲವನ್ನೂ ನಡುತೊಲೆಯ ಮೇಲೆಯೇ ಜೋಡಿಸಿದೆವು, ಅದೇ ಗಟ್ಟಿ ಎಂದು. ಎರಡು ಫರಸಿ, ಎಂಟು ಚೀಲ ಮರಳು, ದೂರಕ್ಕೆ ಕೇಳಲೆಂದು ಮಾಳಿಗೆಯ ಅಂಚಿನಲ್ಲಿ ಎರಡು ದೊಡ್ಡ ಸ್ಪೀಕರು. ಕೆಳಗೆ ಅದೇ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದರು. ತೊಟ್ಟಿಲು ಕಟ್ಟುವುದೂ ಗಟ್ಟಿ ತೊಲೆಗೇ ಅಲ್ಲವೇ?

ಮೊದಲ ಒಂದು ತಾಸು ಹಾಡು ಬೆಣ್ಣೆಯಂತೆ ಹರಿಯಿತು. ಭೀಮಣ್ಣ ನನ್ನ ಕಡೆ ನೋಡಿ, "ಅಕ್ಕಾ, ನಿನ್ನ ಡಿಗ್ರಿ ಇವತ್ತು ವಸೂಲಾತು" ಎಂದ. ನಾನು ಉಬ್ಬಿದೆ.

ಆಮೇಲೆ ಆ ಹತ್ತು ನಲವತ್ತು. ಭೀಮಣ್ಣ ಹಿಂದಿನ ಗುಂಡು ತಿರುಗಿಸಿ ಮುಳ್ಳಿಗೆ ಭಾರ ಹೆಚ್ಚಿಸಿದ. ನಾನು ತಟ್ಟೆ ಇಟ್ಟೆ. ನೀರು ಬೆಳಕಿಂಡಿಯ ಕಡೆಗೆ ವಾಲಿತ್ತು. ಬೆಳಕಿಂಡಿ ಎಂದರೆ ಮಾಳಿಗೆಯ ನಡುವೆ ಕೆಳಗಿನ ಕೋಣೆಗೆ ಬೆಳಕು ಬರಲು ಬಿಟ್ಟ ಕಂಡಿ. ಆ ಬದಿಗೆ ರಟ್ಟು ಮಡಚಿ ಕೊಟ್ಟು ಮಟ್ಟ ಮಾಡಿದೆವು. ಹತ್ತು ನಿಮಿಷಕ್ಕೆ ಮತ್ತೆ ಜಿಗಿಯಿತು. ಮತ್ತೆ ತಟ್ಟೆ, ಮತ್ತೆ ಅದೇ ಕಡೆಗೆ ನೀರು, ಮತ್ತೆ ರಟ್ಟು. "ಇನ್ನಾ ಎರಡು ಚೀಲ ಉಸುಕು ಬೇಕು" ಎಂದ ಭೀಮಣ್ಣ. ಒಂದನ್ನು ಅವನು ಹೊತ್ತು ತಂದ. ಇನ್ನೊಂದನ್ನು ಮೆಟ್ಟಿಲ ಮೇಲೆ ಎಳೆದು ತಂದವಳು ನಾನು.

ಬೆಳಕಿಂಡಿಯಿಂದ ಅವ್ವನ ದನಿ ಬಂತು. "ಏ ಭೀಮ್ಯಾ! ಮ್ಯಾಲೆ ಕುಣೀಬ್ಯಾಡ್ರೋ! ತೊಟ್ಟಲದಾಗ ಮಣ್ಣು ಉದುರಾಕತ್ತದ!"

"ಮ್ಯಾಲೆ ಯಾರು ಕುಣ್ಯಾಕತ್ತಾರ ಯವ್ವಾ? ಇಬ್ಬರೇ ಅದೀವಿ!"

"ಮತ್ತ ನಿಮ್ಮಪ್ಪ ಬಂದು ಉದುರಸಾಕತ್ಯಾನೇನು?" ಅಪ್ಪ ತೀರಿ ಎಂಟು ವರ್ಷವಾಗಿತ್ತು. ಕೆಳಗೆ ಹೆಂಗಸರು ನಕ್ಕರು. ನಾವೂ ನಕ್ಕೆವು.

ಮೂರನೆಯ ಸಲ ಜಿಗಿದಾಗ ನಾನು ಮುಳ್ಳಿನ ತೋಳನ್ನೇ ನೋಡುತ್ತಿದ್ದೆ. ಕುಣಿತದ ಗುದ್ದಿಗಾದರೆ ಮುಳ್ಳು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾರುತ್ತದೆ. ಇದು ಮೂರೂ ಸಲ ಒಂದೇ ಕಡೆಗೆ, ಇಳಿಜಾರಿನಲ್ಲಿ ಜಾರಿದ ಹಾಗೆ ಜಾರಿತ್ತು. ತಟ್ಟೆ ಇಟ್ಟೆ. ಎರಡು ಬೆರಳು ದಪ್ಪ ರಟ್ಟು ಕೊಟ್ಟಿದ್ದರೂ ನೀರು ಮತ್ತೆ ಅಂಚು ದಾಟಿ ಕಲ್ಲಿನ ಮೇಲೆ ಚೆಲ್ಲಿತು. ವಾಲುತ್ತಿದ್ದುದು ಟರ್ನ್‌ಟೇಬಲ್ ಅಲ್ಲ.

ನಾನು ಅಂಗೈಯಿಂದ ರೆಕಾರ್ಡು ಒತ್ತಿ ನಿಲ್ಲಿಸಿದೆ. ಹಾಡು ನಿಂತಾಗ, ಇಷ್ಟು ಹೊತ್ತು ಅದು ಮುಚ್ಚಿಟ್ಟಿದ್ದ ಸದ್ದು ಕೇಳಿಸಿತು. ನಮ್ಮ ಕಾಲ ಕೆಳಗೆ ಯಾರೋ ಮೆಲ್ಲಗೆ ಕಡಲೆ ಅಗಿಯುತ್ತಿರುವ ಹಾಗೆ, ಕಟ್, ಕಟ್.

ಬೆಳಕಿಂಡಿಗೆ ಬಾಯಿಟ್ಟು ಕೂಗಿದೆ. "ಶಾಂತಾ! ಕೂಸಿನ ಎತ್ಕೊಂಡು ಹೊರಗ ನಡಿ! ಎಲ್ಲಾರೂ ನಡೀರಿ!"

ಕೆಳಗೆ, ನನ್ನ ಬದಲು ಹೆಸರಿಡಲು ಕೂತಿದ್ದ ನಮ್ಮ ಸೋದರತ್ತೆಯ ಹಟ. "ಹಂಗ ಹೆಂಗ ಬರ್ತದ? ಕಿವ್ಯಾಗ ಒಂದು ಸಲ ಹೆಸರು ಹೇಳೇವಿ, ಇನ್ನಾ ಎರಡು ಸಲ ಅದ. ನಡುವ ತೊಟ್ಟಲದಿಂದ ಎತ್ತಬಾರ್ದು."

ಭೀಮಣ್ಣನ ಹೆಂಡತಿ ಶಾಂತಾ ಹಿರಿಯರಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಉಳಿದ ಹೆಸರು ಹೊರಗ ಬಂದು ಇಡ್ರಿ" ಎಂದಳು. ಬಳೆಗಳ ಸದ್ದು, ಪಾತ್ರೆ ಉರುಳಿದ ಸದ್ದು, ಮೇಲಿನಿಂದ ನೋಡುತ್ತಿದ್ದ ನನಗೆ ಅವಳ ತಲೆ ಹೊಸ್ತಿಲ ಕಡೆಗೆ ಹೋದದ್ದು ಕಂಡಿತು. ಅವಳ ಹಿಂದೆಯೇ ಉಳಿದವರೂ ಹೋದರು. ಕೊನೆಯವಳು ಅವ್ವ. ಆರತಿ ತಟ್ಟೆ ಬಿಡಲೊಲ್ಲದೆ ಹೋದಳು.

ಭೀಮಣ್ಣ ಟರ್ನ್‌ಟೇಬಲ್ಲಿನ ವಾಯರು ಬಿಚ್ಚುತ್ತಿದ್ದ. "ಒಂದ್ ನಿಮಿಷ ಅಕ್ಕಾ, ಒಂದ ನಿಮಿಷ." ನಾನು ಅವನ ಅಂಗಿಯ ಕಾಲರು ಹಿಡಿದು ಎಳೆದೆ. ಗುಂಡಿ ಕಿತ್ತು ಬಂತು. ಮೆಟ್ಟಿಲು ಇಳಿದು ಅಂಗಳಕ್ಕೆ ಕಾಲಿಟ್ಟೆವು. ಅಷ್ಟರಲ್ಲಿ ಹಿಂದೆ, ದೊಡ್ಡ ಚೀಲವೊಂದನ್ನು ಒಮ್ಮೆಲೇ ಸುರುವಿದಂಥ ಸದ್ದಾಯಿತು. ಬಾಗಿಲಿನಿಂದ ಧೂಳು ಹೊರಗೆ ನುಗ್ಗಿ ಎಲ್ಲರನ್ನೂ ಒಂದೇ ಬಣ್ಣ ಮಾಡಿತು.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ತೊಟ್ಟಿಲು ಇದ್ದ ಜಾಗದಲ್ಲಿ ಎದೆಯೆತ್ತರ ಮಣ್ಣು, ಅದರ ಮೇಲೆ ಮುರಿದ ಫರಸಿ. ಕೂಸು ತಾಯಿಯ ಎದೆಯಲ್ಲಿ ಸೀನಿತು. ಆ ಸೀನಿಗೆ ಅಂಗಳದಲ್ಲಿದ್ದವರೆಲ್ಲ ನಕ್ಕು, ಆಮೇಲೆ ಅತ್ತರು. ಬೇವಿನ ಕೆಳಗೆ ನಿಂತು ಸೋದರತ್ತೆ ಉಳಿದ ಎರಡು ಸಲ ಕಿವಿಯಲ್ಲಿ ಹೇಳಿದಳು, "ಸುಜಾತಾ, ಸುಜಾತಾ."

ಮಧ್ಯಾಹ್ನ ಮನೆ ಕಟ್ಟುವ ಗೌಂಡಿ ಚಂದಪ್ಪ ಬಂದು ಮುರಿದ ತೊಲೆಯನ್ನು ಉಗುರಿನಿಂದ ಕೆರೆದ. ಒಳಗೆಲ್ಲ ಗೆದ್ದಲು ತಿಂದ ಹಿಟ್ಟು. "ನಿಮ್ಮ ಮಣ್ಣಿನ ಭಾರಕ್ಕ ಇದು ಮೊದ್ಲೇ ಸತ್ತಿತ್ತು. ನೀವು ಹೆಗಲು ಕೊಟ್ರಿ, ಅಷ್ಟೇ" ಎಂದ. ಭೀಮಣ್ಣ ಮಾತ್ರ ಮಣ್ಣಿನಿಂದ ಟರ್ನ್‌ಟೇಬಲ್ಲಿನ ತೋಳೊಂದನ್ನು ಹೆಕ್ಕಿ ತೆಗೆದು ನೋಡುತ್ತ, "ಅಕ್ಕಾ, ಅಡ್ಡಾದಿಡ್ಡಿ ಹೊಂದಿಸಿದ್ದಿದ್ರ ಅದು ಮುಂಜಾನಿಂದ ಜಿಗೀತಿತ್ತು. ನಾವು ಬೈಕೋತ ಕೂಡ್ತಿದ್ವಿ" ಎಂದ. ನಿಜ. ಅಷ್ಟು ಮುತುವರ್ಜಿಯಿಂದ ಹೊಂದಿಸಿದ್ದೇ ಆ ಭಾರ ತಂದಿತು, ಅಷ್ಟು ಮುತುವರ್ಜಿಯಿಂದ ಹೊಂದಿಸಿದ್ದರಿಂದಲೇ ಸುಳಿವೂ ಸಿಕ್ಕಿತು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಹೇಗೆ ಬದುಕಬೇಕೆಂದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ಎಲ್ಲರೂ ನನ್ನ ಕ್ವಾರ್ಟರ್ಸಿಗೆ ಬಂದರು. ಸಿಮೆಂಟಿನ ಸ್ಲ್ಯಾಬು. ಆದರೂ ಅವ್ವ ರಾತ್ರಿ ಟಾರ್ಚು ಹಾಕಿ ಸೂರು ನೋಡುವಳು. ಭೀಮಣ್ಣ ಗೋಡೆಗೆ ಕಿವಿ ಹಚ್ಚುವನು. ನಾನು ಕಣ್ಣು ಮುಚ್ಚಿದರೆ ಮರಳಿನ ಚೀಲ ಎಳೆಯುತ್ತಿದ್ದೆ. ಆ ಹತ್ತನೆಯ ಚೀಲ. ಕೂಸು ಕುಂಯ್ ಎಂದರೆ ಸಾಕು, ನಾಲ್ಕು ಜನ ಒಟ್ಟಿಗೆ ಎದ್ದು ದೀಪ ಹಾಕುತ್ತಿದ್ದೆವು. ಪಾಪ, ಅದು ಬೆದರಿ ಇನ್ನಷ್ಟು ಅಳುತ್ತಿತ್ತು. ಹೀಗೆ ಇಪ್ಪತ್ತಮೂರು ರಾತ್ರಿ. ಈ ನಡುವೆ ಸಗರದಲ್ಲಿ ಉಳಿದ ಕೋಣೆಗಳ ಮಾಳಿಗೆಯಿಂದ ಮೂರು ತಲೆಮಾರಿನ ಮಣ್ಣು ಇಳಿಯಿತು. ಸುರಪುರದ ಒಂದು ಮದುವೆಗೆ ಭೀಮಣ್ಣ ಯಾರದೋ ಟರ್ನ್‌ಟೇಬಲ್ ಕೇಳಿ ತಂದು ನೆಲದ ಮೇಲೆ ಹೂಡಿದ. ನಾಲ್ಕು ಸಲ ಜಿಗಿಯಿತಂತೆ. ಮೀಸೆ ಹಾಗೇ ಇದೆ.

ಇವತ್ತು ಭಾನುವಾರ. ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವ್ವ ಬಾಯಿ ತೆರೆದು ಮಲಗಿದ್ದಳು, ಭೀಮಣ್ಣ ಗೊರಕೆ ಹೊಡೆಯುತ್ತಿದ್ದ. ಶಾಂತಾ ಕೆಂಪು ಕಣ್ಣು ಬಿಟ್ಟುಕೊಂಡು, ತಲೆ ಕೆದರಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಭಲೇ ಮಂದಿರೀ ನೀವು! ರಾತ್ರಿ ಮೂರು ಸಲ ಚೀರಿ ಚೀರಿ ಅತ್ತಾಳ. ಒಬ್ಬರಾದ್ರೂ ಕಣ್ಣು ತೆರೀಲಿಲ್ಲ!"

"ಯಾರಿಗೂ ಕೇಳಿಸಲಿಲ್ಲೇನು?" ಎಂದೆ.

"ಕೇಳಿಸಿದ್ರ ಏಳ್ತಿದ್ರಿಲ್ಲ!"

ಅವಳು ಬೈಯುತ್ತಲೇ ಇದ್ದಳು. ನಾನು ಮಗ್ಗುಲು ಬದಲಿಸಿ, ಇನ್ನಷ್ಟು ಬೈಯಲಿ ಎಂದು ಹಾಗೇ ಮಲಗಿದೆ.