ಏಳು ಗಂಟೆ ಮೂರು ನಿಮಿಷ

ಕನ್ನಡಕದಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸು ಜನ್ಮದಲ್ಲಿ ಕನ್ನಡಕ ಹಾಕಿದವಳಲ್ಲ. ಅವಳದು ಹದ್ದಿನ ಕಣ್ಣು. ಆದರೆ ಆ ಬೀದಿಯ ಅರ್ಧ ಮೂಗುಗಳ ಮೇಲೆ ಕೂತಿರುವ ಕನ್ನಡಕಗಳು ಅವಳ ಕೈಯಿಂದ ಹೋದವೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಗೋಡೆಗೆ ಫ್ರೇಮುಗಳು, ಎದುರು ಗೋಡೆಗೆ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ, ಅದರ ಮೇಲೆ ಒಂದು ದುಂಡನೆಯ ಗೋಡೆ ಗಡಿಯಾರ. ಸಾಸಿವೆಯಷ್ಟು ತಿರುಪು ನೆಲಕ್ಕೆ ಬಿದ್ದರೆ ಅವಳು ಹುಡುಕುವುದಿಲ್ಲ. ಬಿದ್ದ ಸದ್ದು ಕೇಳಿಯೇ ಕೈ ಹಾಕಿ ಎತ್ತುತ್ತಾಳೆ. ಇಷ್ಟು ಕರಾರುವಾಕ್ಕಾದ ಹೆಂಗಸು ಒಂದು ಇಡೀ ಟೀವಿ ವಾಹಿನಿಯನ್ನು ಆರು ವರ್ಷ ಮೂರು ನಿಮಿಷ ತಡವಾಗಿ ಓಡಿಸಿದಳು ಎಂದರೆ ಯಾರೂ ನಂಬುವುದಿಲ್ಲ. ನಂಬಲೇಬೇಕು, ಯಾಕೆಂದರೆ ಅದನ್ನು ಅವಳು ಬೇಕೆಂದೇ ಮಾಡಿದ್ದಳು.

ಮೊದಲು ವಾಹಿನಿಯ ಹುಟ್ಟು ಹೇಳಬೇಕು. ಹಿಂದೆ ಕಿಟಕಿ ಟೀವಿ ಎಂಬ ಸಣ್ಣ ವಾಹಿನಿಯೊಂದಿತ್ತು. ತೆರೆದ ಕಿಟಕಿಯೇ ಅದರ ಗುರುತು. ಸಂಜೆ ಏಳಕ್ಕೆ ಒಂದು ಗೋಡೆ ಗಡಿಯಾರ ತೋರಿಸುತ್ತಿದ್ದರು, ಒಬ್ಬ ಹೆಂಗಸು "ಸಮಯ ಏಳು ಗಂಟೆ" ಎನ್ನುತ್ತಿದ್ದಳು, ಆಮೇಲೆ ಧಾರಾವಾಹಿ. ಇನ್ನೂರ ಹನ್ನೆರಡನೇ ಕಂತಿನ ಕೊನೆಯಲ್ಲಿ ನಾಯಕಿ ಒಂದು ಮುಚ್ಚಿದ ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ಸರಿದ ಸದ್ದು ಕೇಳಿತು. ಮುಂದುವರಿಯುವುದು ಎಂದು ಹಾಕಿದರು. ಮರುದಿನ ನೋಡಿದರೆ ಧಾರಾವಾಹಿಯೂ ಇಲ್ಲ, ವಾಹಿನಿಯೂ ಇಲ್ಲ. ನಷ್ಟವಾಗಿ ಮುಚ್ಚಿಬಿಟ್ಟರಂತೆ.

ಕನ್ನಡಕದಕ್ಕನ ಅತ್ತೆ ಕೆಂಡವಾದರು. "ಮುಚ್ಚೋದಿದ್ರೆ ಮುಚ್ಲಿ. ಬಾಗಿಲು ತೆಗೆದು ಮುಚ್ಬೇಕಿತ್ತು. ಒಳಗೆ ಯಾರಿದ್ರು ಅಂತ ಗೊತ್ತಾಗ್ದೆ ನಾನು ಸಾಯ್ಲಾ?"

ಇದೇ ಸಿಟ್ಟು ಇನ್ನೊಂದು ಊರಿನಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್‌ಗೂ ಬಂದಿತ್ತು. ಅವನು ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆರೆದು ಕೇಳಿದ: ಬಾಗಿಲ ಹಿಂದೆ ಯಾರು? ಇಷ್ಟು ದಿನ ಒಬ್ಬೊಬ್ಬರೇ ಹಲ್ಲು ಕಡಿಯುತ್ತಿದ್ದ ನಾನೂರು ಜನ ಬಂದು ಸೇರಿದರು. ಒಬ್ಬೊಬ್ಬರದು ಒಂದೊಂದು ಉತ್ತರ. ಮಾತಿನಲ್ಲಿ ತೀರದ ಜಗಳವನ್ನು ಅವರು ಫೋನಿನಲ್ಲಿ ಚಿತ್ರ ಮಾಡಿ ತೀರಿಸಿಕೊಳ್ಳಲು ಹೊರಟರು. ಹೀಗೆ ಏಳು ಊರುಗಳ ಏಳು ಮನೆಗಳಲ್ಲಿ ಏಳು ಇನ್ನೂರ ಹದಿಮೂರನೇ ಕಂತುಗಳು ತಯಾರಾದವು. ಒಂದರಲ್ಲಿ ಒಳಗಿದ್ದವನು ಸತ್ತನೆಂದುಕೊಂಡಿದ್ದ ಗಂಡ, ಒಂದರಲ್ಲಿ ಪೊಲೀಸು. ಕನ್ನಡಕದಕ್ಕನ ಮನೆಯ ಕಂತಿನಲ್ಲಿ ಚಿಲಕ ತೆಗೆದವರು ಸ್ವತಃ ಅತ್ತೆ. ಬರೆದುಕೊಟ್ಟ ಮಾತನ್ನೆಲ್ಲ ಮರೆತು, ನಾಯಕಿಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷ ಎಲ್ಲಿ ಸತ್ತಿದ್ದೆ? ಬಾ ಒಳಗೆ, ಚಪ್ಪಲಿ ಹೊರಗೆ ಬಿಡು," ಎಂದುಬಿಟ್ಟರು. ಮತ ಹಾಕಿದಾಗ ಗೆದ್ದದ್ದು ಅದೇ.

ಅಲ್ಲಿಂದ ಬೆಳೆದದ್ದು ‘ನಮ್ಮ ಕಿಟಕಿ’ ಎಂಬ ವಾಹಿನಿ. ಹಳೆಯ ವಾಹಿನಿಯ ಮೇಲಿನ ಪ್ರೀತಿಗೆ ಜನ ತಮ್ಮ ತಮ್ಮ ಮನೆಗಳಲ್ಲೇ ಕೂತು ನಡೆಸುವ ಇಂಟರ್ನೆಟ್ ಟೀವಿ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಅಭಿಪ್ರಾಯವಿದೆ. ಲಿಫ್ಟ್ ಮೆಕ್ಯಾನಿಕ್ ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ನಿಂತು ಹವಾಮಾನ ಹೇಳುತ್ತಿದ್ದ. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ನಕ್ಷೆಯ ಮೇಲೆ ಕೋಲಿಟ್ಟು ತಾವೇ ಕಾಣದ ದೇಶಗಳಲ್ಲೆಲ್ಲ ನೋಡುಗರನ್ನು ತಿರುಗಿಸುತ್ತಿದ್ದರು. ಧಾರಾವಾಹಿಯಂತೂ ಐನೂರನೇ ಕಂತು ದಾಟಿತು. ನೋಡುವವರು ಹನ್ನೊಂದು ಸಾವಿರ.

ಗಡಿಯಾರ ಮಾತ್ರ ಕನ್ನಡಕದಕ್ಕನದು. "ಕಂಪ್ಯೂಟರ್ ಗಡಿಯಾರ ಬೇಡ. ಹಳೇ ವಾಹಿನಿಯಲ್ಲಿ ನಿಜವಾದ ಗಡಿಯಾರ ಇತ್ತು, ನಮ್ಮಲ್ಲೂ ಇರ್ಲಿ," ಎಂದು ಲಿಫ್ಟ್ ಮೆಕ್ಯಾನಿಕ್ ಮೊದಲ ವಾರವೇ ನಿಯಮ ಮಾಡಿದ್ದ. ಅವಳ ಅಂಗಡಿಯಲ್ಲಿ ಕನ್ನಡಕ ನಿಲ್ಲಿಸುವ ಸ್ಟ್ಯಾಂಡಿಗೆ ಒಂದು ಹಳೆಯ ಫೋನು ಕಟ್ಟಿ ಗಡಿಯಾರದ ಕಡೆ ತಿರುಗಿಸಿದ್ದರು. ಮುಳ್ಳು ಏಳಕ್ಕೆ ಬಂದ ಕೂಡಲೇ ಅವಳು "ಸಮಯ ಏಳು ಗಂಟೆ" ಎನ್ನುವಳು. ಅದನ್ನು ಕೇಳಿ ಅವನು ಅಲ್ಲಿ ಗುಂಡಿ ಒತ್ತುವನು. ಅವಳು ಹೇಳುವ ತನಕ ಇಡೀ ವಾಹಿನಿಯಲ್ಲಿ ಏಳು ಆಗುವಂತಿಲ್ಲ. ಕೆಲವು ಸಂಜೆ ಒಂದು ಹಲ್ಲಿ ಗಡಿಯಾರದ ಹಿಂದಿನಿಂದ ಬಂದು ಒಂಬತ್ತರ ಮೇಲೆ ಕೂರುತ್ತಿತ್ತು. ಅದಕ್ಕೂ ಅಭಿಮಾನಿಗಳಿದ್ದರು.

ಈಗ ಮೂರು ನಿಮಿಷದ ಗುಟ್ಟಿಗೆ ಬರೋಣ.

ಅತ್ತೆ ಬೀದಿಯ ಕೊನೆಯ ನೂಲಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಸಂಜೆ ಏಳಕ್ಕೆ ಸೈರನ್ ಕೂಗುವ ಮೊದಲು ಜಾಗ ಬಿಟ್ಟು ಏಳುವವರನ್ನು ಅಲ್ಲಿ ಕೆಲಸಗಳ್ಳರು ಎನ್ನುತ್ತಿದ್ದರು. ಕೆಲಸ ಬಿಟ್ಟು ಹದಿನೆಂಟು ವರ್ಷವಾದರೂ ಅತ್ತೆ ಆ ವ್ರತ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಲೋ ಗುಂಡಿ ಹೊಲಿಯುತ್ತಲೋ ಕೂತಿರುವರು. ಸೈರನ್ ಕೂಗಬೇಕು, ಆಗಲೇ ಏಳುವುದು. ಏಳುವುದು, ಓಣಿಯಂಥ ನಡುಮನೆ ದಾಟುವುದು, ಎರಡು ಮೆಟ್ಟಿಲು ಹತ್ತುವುದು, ಟೀವಿ ಕೋಣೆಯ ಕುರ್ಚಿ ಹಿಡಿಯುವುದು. ಮೊದಲೆಲ್ಲ ಅರ್ಧ ನಿಮಿಷದ ದಾರಿ. ಮೊಣಕಾಲು ಮುನಿಸಿಕೊಂಡ ಮೇಲೆ ಮೂರು ನಿಮಿಷ. ಅವರು ಬರುವಷ್ಟರಲ್ಲಿ ಮೊದಲ ದೃಶ್ಯ ಮುಗಿದಿರುತ್ತಿತ್ತು. "ಮೊದಲನೇ ಮಾತು ತಪ್ಪಿದ್ರೆ ಕಥೆ ತಪ್ಪಿದ ಹಾಗೇ," ಎನ್ನುವ ಮನುಷ್ಯರಿಗೆ ಅದು ಸಣ್ಣ ದುಃಖವಲ್ಲ.

ಸ್ವಲ್ಪ ಮುಂಚೆ ಏಳಿ ಎಂದರೆ, "ನನ್ನನ್ನ ಕೆಲಸಗಳ್ಳಿ ಮಾಡ್ತೀಯಾ?" ಟೀವಿಯನ್ನು ಅಡುಗೆಮನೆಗೆ ತರಿಸಿದರೆ, "ನಾನು ಕುಂಟಿ ಅಂತ ಊರಿಗೆ ಸಾರ್ತೀಯಾ?" ಕೈ ಹಿಡಿಯಲು ಹೋದರೆ ಕೈಗೇ ಏಟು. ಕನ್ನಡಕದಕ್ಕನ ಗಂಡ ಲಾರಿ ಡ್ರೈವರ್, ವಾರದಲ್ಲಿ ಎರಡು ದಿನ ಮನೆಯಲ್ಲಿರುವವನು, ಆ ಎರಡೂ ದಿನ ನಿದ್ದೆ ಮಾಡುವವನು. ಕೇಳಿದರೆ, "ನಿಮ್ಮಿಬ್ಬರ ಮಧ್ಯೆ ನಾನು ಗಾಡಿ ಓಡ್ಸಲ್ಲ," ಎಂದು ಮಗ್ಗುಲು ಬದಲಿಸಿದ.

ಅತ್ತೆಯ ಕಾಲನ್ನು ತಿದ್ದಲಾಗದು, ಸೈರನ್ನನ್ನು ತಿದ್ದಲಾಗದು. ಉಳಿದದ್ದು ಗಡಿಯಾರ. ಒಂದು ದಿನ ಅವಳು ಸ್ಟೂಲು ಹತ್ತಿ ಮುಳ್ಳನ್ನು ಮೂರು ನಿಮಿಷ ಹಿಂದಕ್ಕೆ ತಳ್ಳಿದಳು.

ಆ ಸಂಜೆ ಸೈರನ್ ಕೂಗಿತು. ಅತ್ತೆ ಬಂದು ಕೂತರು. ಆಮೇಲೆ ಧಾರಾವಾಹಿ ಶುರುವಾಯಿತು. ಅವರ ಮುಖ ಊರಗಲ. "ನೋಡಿದ್ಯಾ? ಸೈರನ್ ಆಯ್ತು, ಬಂದೆ, ಶುರುವಾಯ್ತು. ಕಾಲು ಇನ್ನೂ ಗಟ್ಟಿಯಾಗೇ ಇದೆ!" ಆ ಮಾತಿಗಾಗಿ ಕನ್ನಡಕದಕ್ಕ ಅರವತ್ತು ವರ್ಷ ಬೇಕಾದರೂ ಸುಳ್ಳು ಗಡಿಯಾರ ತೋರಿಸಲು ಸಿದ್ಧಳಿದ್ದಳು.

ಹನ್ನೊಂದು ಸಾವಿರ ಜನ ಹಾಗಾದರೆ ಏನು ಮಾಡುತ್ತಿದ್ದರು? ಅವರ ಕೈಯಲ್ಲೂ ಗಡಿಯಾರವಿತ್ತಲ್ಲ? ಇತ್ತು. ಆದರೆ ಏಳಕ್ಕೆ ಬರಬೇಕಾದದ್ದು ಏಳೂಮೂರಕ್ಕೆ ಬಂದರೆ ಎಲ್ಲರೂ ಬೈದದ್ದು ತಮ್ಮ ತಮ್ಮ ಇಂಟರ್ನೆಟ್ಟನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಭೂಗೋಳದ ಮೇಷ್ಟ್ರು ಮೂರು ಸಲ ಕಂಪನಿ ಬದಲಾಯಿಸಿದರು. ಲಿಫ್ಟ್ ಮೆಕ್ಯಾನಿಕ್ ಅಂತೂ ಎಲ್ಲೋ ಸಿಗ್ನಲ್ ತಡೆಯುತ್ತಿದೆಯೆಂದು ತಂತಿ ಕಿತ್ತ, ತಂತಿ ಹಾಕಿದ, ಹೊಸ ಯಂತ್ರ ತಂದ, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ. ವಾಹಿನಿಯವರ ಕಂಪ್ಯೂಟರ್ ಸಭೆಯಲ್ಲಿ ಅವನು "ಈ ಮೂರು ನಿಮಿಷ ನನ್ನ ಪ್ರಾಣ ತಿಂತಿದೆ" ಎಂದಾಗಲೆಲ್ಲ ಕನ್ನಡಕದಕ್ಕ ಒಂದು ಲೆನ್ಸನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವಳಲ್ಲ, ಆದರೂ ಹೆಗಲು ತುರಿಸುತ್ತಿತ್ತು.

ಆರನೇ ವರ್ಷ ಒಂದು ಕಾಗದ ಬಂತು. ಹಳೆಯ ಕಿಟಕಿ ಟೀವಿಯ ಹೆಸರನ್ನು ಯಾರೋ ಕೊಂಡಿದ್ದರು. ಬರೆದವರು ಮರ್ಯಾದೆಯಿಂದಲೇ ಬರೆದಿದ್ದರು: ನಿಮ್ಮ ಪ್ರೀತಿ ದೊಡ್ಡದು, ಆದರೆ ಹೆಸರೂ ಕಿಟಕಿಯ ಚಿತ್ರವೂ ಈಗ ನಮ್ಮದು, ಒಂದು ತಿಂಗಳಲ್ಲಿ ಬದಲಾಯಿಸಿಕೊಳ್ಳಿ. ಅಂಗಡಿಗಳಿಗೆ ಬೋರ್ಡು ಬರೆಯುವ ಒಬ್ಬಾಕೆ, ವಾಹಿನಿಯಲ್ಲಿ ಚಿತ್ರಗಳನ್ನೆಲ್ಲ ಮಾಡುತ್ತಿದ್ದವಳು, ತೋಳು ಮಡಚಿ ನಿಂತಳು. "ಬದಲಾಯಿಸೋದೇ ಆದ್ರೆ ಪೂರ್ತಿ ಬದಲಾಯಿಸೋಣ. ಹೊಸ ಬಣ್ಣ, ಹೊಸ ಅಕ್ಷರ. ಗಡಿಯಾರಾನೂ ಕಂಪ್ಯೂಟರ್ದು ಹಾಕೋಣ, ಸೆಕೆಂಡೂ ತಪ್ಪಲ್ಲ. ಆ ಮೂರು ನಿಮಿಷದ ಪೀಡೆನೂ ಹೋಗ್ಬಹುದು." ಹೆಸರು ಯಾವುದೆಂದು ಮೂರು ಸಭೆ ಕಚ್ಚಾಡಿದರೂ ಗಡಿಯಾರಕ್ಕೆ ಎಲ್ಲರೂ ಕೈ ಎತ್ತಿದರು. ಕನ್ನಡಕದಕ್ಕ ಬಾಯಿ ತೆರೆದರೆ ಆರು ವರ್ಷದ ಕಳ್ಳತನ ಹೊರಗೆ. ತೆರೆಯದಿದ್ದರೆ ಅತ್ತೆಯ ಕಾಲು ಸೋತದ್ದು ಅತ್ತೆಗೇ ಗೊತ್ತಾಗುತ್ತದೆ. ಅವಳೂ ಕೈ ಎತ್ತಿದಳು. ಅದಕ್ಕಾಗಿ ಆಮೇಲೆ ತನ್ನನ್ನೇ ಬೈದುಕೊಂಡಳು.

ಒಂದು ಶನಿವಾರ ಹೊಸ ಗಡಿಯಾರದ ಪರೀಕ್ಷೆ. ಸೈರನ್ ಕೂಗಿತು. ಅಡುಗೆಮನೆಯಲ್ಲಿ ಕುರ್ಚಿ ಸರಿದ ಸದ್ದು. ಅದೇ ಗಳಿಗೆಗೆ ಪರದೆಯ ಮೇಲೆ ನೀಲಿ ಅಂಕೆಗಳು ಮಿನುಗಿ ಧಾರಾವಾಹಿ ಶುರುವಾಗಿಹೋಯಿತು. ನಡುಮನೆಯಲ್ಲಿ ಹೆಜ್ಜೆ, ನಿಂತು ಮತ್ತೆ ಹೆಜ್ಜೆ. ಅತ್ತೆ ಮೆಟ್ಟಿಲು ಹತ್ತಿ ಬಾಗಿಲು ಹಿಡಿದಾಗ ನಾಯಕಿ ಆಗಲೇ ಯಾರ ಹೆಗಲ ಮೇಲೋ ಒರಗಿ ಅಳುತ್ತಿದ್ದಳು.

"ಶುರುವಾಗೋಯ್ತಾ?"

"ಹಿಂದಕ್ಕೆ ಓಡ್ಸಿ ತೋರಿಸ್ತೀನಿ ಅತ್ತೆ."

"ಬೇಡ. ಹಳಸಿದ್ದು ಬೇಡ." ಅವರು ಕೂತರು. ಎರಡೂ ಕೈಯಲ್ಲಿ ಮೊಣಕಾಲನ್ನು ಒತ್ತಿ ಹಿಡಿದರು. "ನೆನ್ನೆ ತನಕ ಸರಿಯಾಗಿತ್ತಲ್ಲ," ಎಂದರು, ಸೊಸೆಗಲ್ಲ, ಕಾಲಿಗೆ. ಬೈಗುಳವಿಲ್ಲದ ಅತ್ತೆಯನ್ನು ಕನ್ನಡಕದಕ್ಕ ನೋಡಿದ್ದು ಅದೇ ಮೊದಲು. ಅವಳಿಗೆ ಅಳುವೇ ಬಂತು.

ಮರುದಿನ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಟೀವಿ ಕೋಣೆಯ ಕಂಪ್ಯೂಟರಿನಲ್ಲಿ ಸಭೆ. ಲಿಫ್ಟ್ ಮೆಕ್ಯಾನಿಕ್ ಕುಣಿಯುವುದೊಂದೇ ಬಾಕಿ. "ಮೂರು ನಿಮಿಷದ ರೋಗ ವಾಸಿಯಾಯ್ತು! ಎಲ್ಲಿತ್ತು ಅಂತ ಇನ್ನೂ ಗೊತ್ತಾಗಿಲ್ಲ."

"ನನ್ನ ಗೋಡೇಲಿತ್ತು," ಎಂದಳು ಕನ್ನಡಕದಕ್ಕ.

ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಸೈರನ್ನು, ಮೊಣಕಾಲು, ಸ್ಟೂಲು, ಎಲ್ಲ ಹೇಳಿದಳು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆರು ವರ್ಷ ಕುಡಿದೆ. ಬೈಯಿರಿ, ಕೇಳ್ತೀನಿ. ಆದ್ರೆ ಆ ನೀಲಿ ಗಡಿಯಾರ ತೆಗೀರಿ. ನಮ್ಮತ್ತೆ ಮೊದಲನೇ ಮಾತು ಕೇಳ್ಬೇಕು."

ಲಿಫ್ಟ್ ಮೆಕ್ಯಾನಿಕ್ ಇಂಗು ತಿಂದ ಮಂಗನಂತಾಗಿದ್ದ. "ಆರು ವರ್ಷ," ಎಂದ ಕೊನೆಗೆ. "ಆರು ವರ್ಷ ತಂತಿ ಕಿತ್ತೆ!" ಹಾಗೆಂದವನು ನಗಲು ಶುರುಮಾಡಿದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕೋ ಅತ್ತೋ ತಿಳಿಯದು. "ನಾನು ಬದಲಾಯಿಸಿದ ಮೂರೂ ಕಂಪನಿಯವರಿಗೆ ಕ್ಷಮೆ ಕೇಳ್ಬೇಕಲ್ಲಮ್ಮಾ," ಎಂದರು. ಬೋರ್ಡು ಬರೆಯುವಾಕೆ ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಏನೋ ಗೀಚುತ್ತಿದ್ದವಳು ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದಳು. ಅಂಗಡಿಯ ದುಂಡು ಗಡಿಯಾರ, ಒಂಬತ್ತರ ಮೇಲೆ ಹಲ್ಲಿ, ಕೆಳಗೆ ದಪ್ಪ ಅಕ್ಷರದಲ್ಲಿ: ಮೂರು ನಿಮಿಷ ಟೀವಿ.

"ಒಂದು ತಿಂಗಳಿಂದ ಹೆಸರು ಹುಡುಕ್ತಿದೀವಿ. ಇದಕ್ಕಿಂತ ಒಳ್ಳೇದು ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ."

ಒಂದೊಂದಾಗಿ ಕೈಗಳು ಎದ್ದವು. ಎತ್ತಿದ ಕೈಗಳು ಹಾಗೇ ನಿಂತವು. ಎಲ್ಲರೂ ಕನ್ನಡಕದಕ್ಕನನ್ನು ಬಿಟ್ಟು ಅವಳ ಹಿಂದೆ ನೋಡುತ್ತಿದ್ದರು. ಅವಳು ತಿರುಗಿದಳು. ಬಾಗಿಲಲ್ಲಿ ಗೋಡೆ ಹಿಡಿದು ಅತ್ತೆ ನಿಂತಿದ್ದರು. ನಿಂತು ಎಷ್ಟು ಹೊತ್ತಾಗಿತ್ತೋ.

"ಅತ್ತೆ, ನಾನು..."

"ಬಾಯಿ ಮುಚ್ಚು." ಅತ್ತೆ ಒಮ್ಮೆ ಅವಳನ್ನು, ಒಮ್ಮೆ ಪರದೆಯ ಮುಖಗಳನ್ನು ನೋಡಿದರು. "ನನ್ನೊಬ್ಬಳ ಕಾಲಿಗೋಸ್ಕರ ಇಷ್ಟೂ ಜನ ಕಾಯ್ತಿದ್ರಾ?"

"ಹನ್ನೊಂದು ಸಾವಿರ ಜನ ಅಮ್ಮಾ," ಎಂದ ಲಿಫ್ಟ್ ಮೆಕ್ಯಾನಿಕ್.

ಅತ್ತೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, ಧ್ವನಿ ತಗ್ಗಿಸಿ, ಆದರೆ ಮೈಕಿಗೆ ಚೆನ್ನಾಗಿ ಕೇಳುವಂತೆ ಹೇಳಿದರು:

"ಮೂರು ಸಾಲಲ್ಲ. ಒಂದು ವರ್ಷದಿಂದ ಮೆಟ್ಟಿಲ ಹತ್ರ ಉಸಿರು ಬಿಗಿಹಿಡಿದು ಬರ್ತಿದೀನಿ. ನಾಲ್ಕು ಮಾಡು."

ಹೆಸರು ಮೂರೇ ಉಳಿಯಿತು, ಅಕ್ಷರ ಬರೆದಾಗಿತ್ತಲ್ಲ. ಮುಂದಿನ ಸೋಮವಾರ ಕಿಟಕಿಯ ಚಿತ್ರ ಇಳಿದು ಹಲ್ಲಿಯ ಚಿತ್ರ ಏರಿತು. ಸೈರನ್ ಕೂಗಿತು. ಅದಾಗಿ ನಾಲ್ಕು ನಿಮಿಷಕ್ಕೆ ಕನ್ನಡಕದಕ್ಕ ಅಂಗಡಿಯಲ್ಲಿ ನಿಂತು "ಸಮಯ ಏಳು ಗಂಟೆ" ಎಂದಳು, ಫೋನು ಆರಿಸಿದಳು, ಒಳಗೆ ಓಡಿದಳು. ಅತ್ತೆ ಆಗಲೇ ಕುರ್ಚಿಯಲ್ಲಿದ್ದರು. ಪಕ್ಕದ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ತೆಗೆದು ನೆಲಕ್ಕಿಟ್ಟಿದ್ದರು.

"ಎಷ್ಟು ಹೊತ್ತೇ ನಿಂಗೆ? ಕೂತ್ಕೋ, ಶುರುವಾಗ್ತಿದೆ."