ಆಡು ಕಟ್ಟಿದ ಗೋಡೆ

ಬಸವಕಲ್ಯಾಣಕ್ಕೆ ನಾನು ಹೋದದ್ದು ಸಿಟ್ಟಿನಿಂದ. ಅಲ್ಲಿನ ಸಭಾಭವನದಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ದಿನ, ತಂದೆತಾಯಿ ಇಬ್ಬರೂ ಬರಬೇಕು ಎಂಬ ಚೀಟಿಯನ್ನು ಹೆಂಡತಿ ಶಾಲೆಯಿಂದ ತಂದಾಗ ನಾನು ಅದನ್ನು ಕಿಟಕಿಯ ಸಂದಿಗೆ ತುರುಕಿ ಕೆಲಸಕ್ಕೆ ಹೊರಟಿದ್ದೆ. ಎರಡನೇ ಇಯತ್ತೆಯ ಮಗಳು ಪುಸ್ತಕ ಮುಚ್ಚಿ ಅವಳವ್ವನಿಗೆ ಹೇಳಿದ್ದು ಹೊಸ್ತಿಲಲ್ಲೇ ಕಿವಿಗೆ ಬಿತ್ತು.

"ನಾ ಓದಂಗಿಲ್ಲ. ಅಪ್ಪ ಎಲ್ಲಿ ಓದ್ತಾನ? ಅಂವಗ ಬರಂಗಿಲ್ಲ."

ಬರುವುದಿಲ್ಲ ಎಂಬುದು ಸುಳ್ಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿಗಳ ಕೈಗೆ ಇಟ್ಟಿಗೆ ಕೊಡಲು ನಿಂತವನು ನಾನು. ಇವತ್ತು ಹುಮನಾಬಾದಿನಲ್ಲಿ ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದು ಬಿರುಕು ತೋರಿಸಲಿ ಯಾರಾದರೂ. ನಕ್ಷೆ ಓದುತ್ತೇನೆ. ಅಕ್ಷರವನ್ನೂ ಓದುತ್ತೇನೆ, ನಿಧಾನವಾಗಿ. ಜೋರಾಗಿ ಓದು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಹೆಂಡತಿ ಮೊದಲೇ ಹೇಳಿದಳು, "ಅಲ್ಲಿ ಹೋಗಿ ಜಗಳ ತೆಗಿಬ್ಯಾಡ್ರಿ."

"ನಾ ಎಂದ್ ತೆಗದೀನಿ?"

"ಹೋದ ವಾರ, ಟೈಲ್ಸ್ ಅಂಗಡ್ಯಾಗ."

ಸಭಾಭವನದ ಜಮಖಾನೆಯ ಮೇಲೆ ಪುಸ್ತಕ ಹರಡಿದ್ದರು. ಇಸ್ತ್ರಿ ಮಾಡಿದ ಕುರ್ತಾ ತೊಟ್ಟ ಮಾಸ್ತರರೊಬ್ಬರು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿ ಎಂದು ಮೈಕಿನಲ್ಲಿ ಅಪ್ಪಣೆ ಕೊಡಿಸಿದರು. ಮಗಳು ಆರಿಸಿದ್ದು ಆಡೊಂದು ಮನೆ ಕಟ್ಟುವ ಕಥೆ.

ಎರಡನೇ ಪುಟದಲ್ಲೇ ನಿಂತೆ. ಚಿತ್ರದಲ್ಲಿ ಇಟ್ಟಿಗೆಯ ನೆತ್ತಿಯ ಮೇಲೆ ಇಟ್ಟಿಗೆ, ಸಂದಿನ ಮೇಲೆ ಸಂದು. ಹಾಗೆ ಕಟ್ಟಿದ ಗೋಡೆ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಸೀಳುತ್ತದೆ. ಕೆಳಗಿನ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡು ಬರಬೇಕು. ಮೊದಲ ದಿನವೇ ಬೈಸಿಕೊಂಡು ಕಲಿಯುವ ಪಾಠ ಇದು. ಚಿತ್ರದ ಕೆಳಗೆ 'ಗೋಡೆ ಬಹಳ ಗಟ್ಟಿಯಾಗಿತ್ತು' ಎಂದು ಬರೆದಿತ್ತು.

"ಸುಳ್ಳದ ಇದು," ಎಂದೆ. "ಈ ಗೋಡಿ ಒಂದ್ ಮಳಿ ತಡಿಯಂಗಿಲ್ಲ. ಆಡು, ಮರಿ ಎಲ್ಲಾ ಅದರ ಬುಡಕ್ಕ."

"ಸಾಯ್ತಾವಾ?" ಮಗಳು ಕಣ್ಣರಳಿಸಿದಳು. ಪಕ್ಕದಲ್ಲಿ ಕೂತವರ ಪುಟ್ಟ ಮಗು ಅದನ್ನು ಕೇಳಿ ಗೋಳೋ ಎಂದಿತು.

ಮಾಸ್ತರರು ಬಂದರು. "ಏನ್ರಿ, ಮಕ್ಕಳಿಗಿ ಹೆದರ್ಸಾಕತ್ತೀರಿ?"

"ಗೋಡಿ ತಪ್ಪದರಿ."

"ಕಥಿ ಅದು. ಬರದಂಗ ಓದ್ರಿ."

"ಕಥ್ಯಾಗ ಗೋಡಿ ಬೀಳಂಗಿಲ್ಲೇನ್ರಿ?"

ಅವರು ನಕ್ಕು ಪುಸ್ತಕಕ್ಕೆ ಕೈ ಹಾಕಿದರು. "ಬಿಡ್ರಿ, ನಿಮಗ್ಯಾಕ ತ್ರಾಸ. ಕೂಸಿಗಿ ನಾ ಓದಿ ಹೇಳ್ತೀನಿ."

ಆ ಮಾತಿನಲ್ಲಿದ್ದ ಕರುಣೆ ಮಗಳಿಗೂ ತಿಳಿಯಿತು. ನನ್ನ ಮುಖ ನೋಡಿದಳು. ನಾನು ಪುಸ್ತಕ ಬಿಡಲಿಲ್ಲ, ಅವರೂ ಬಿಡಲಿಲ್ಲ.

"ಹರಿತದ್ರಿ!" ಎಂದಳು ಹೆಂಡತಿ.

"ಹರಿಲಿ."

ಕೊನೆಗೆ ಮಾಸ್ತರರೇ ಕೈ ತೆಗೆದರು. "ಗೋಡಿ ಮಾತ ಬಿಟ್ಟೆ," ಎಂದೆ. "ಆದ್ರ ಓದಾಂವ ನಾನ."

ಓದಿದೆ. ಸಿಮೆಂಟಿಗೆ ಸೀಳಿದ ಹೆಬ್ಬೆರಳನ್ನು ಒಂದೊಂದು ಅಕ್ಷರದ ಕೆಳಗೆ ಇಟ್ಟು ಓದಿದೆ. ಒತ್ತಕ್ಷರ ಬಂದಲ್ಲಿ ನಿಂತು, ಗೋಡೆ ಕಟ್ಟಲು ನಿಲ್ಲುವ ಸಾರುವೆಯ ಹಲಗೆಯನ್ನು ತುಳಿದು ನೋಡುವಂತೆ ನೋಡಿ ದಾಟಿದೆ. ಉಳಿದವರು ಅವಲಕ್ಕಿಗೆ ಎದ್ದು ಹೋದರು. ಮಾಸ್ತರರು ಮಾತ್ರ ಕೈಕಟ್ಟಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಜಲ್ದಿ ಮುಗಸ್ರಿ, ಪುಸ್ತಕ ಎತ್ತಿಡಬೇಕು."

"ನಿಲ್ರಿ."

'ವಿಶ್ರಾಂತಿ' ಎಂಬಲ್ಲಿ ಸಿಕ್ಕಿಬಿದ್ದೆ. ಎರಡು ಸಲ ಎಡವಿದೆ. ಮಾಸ್ತರರು ಬಾಯಿ ತೆರೆದದ್ದೇ ತಡ, ಮಗಳು ಅವರತ್ತ ತಿರುಗಿದಳು. "ನೀವ್ ಹೇಳಬ್ಯಾಡ್ರಿ!" ಆಮೇಲೆ ನನಗೂ ಅದೇ ದನಿಯಲ್ಲಿ, "ನೀ ಜಲ್ದಿ ಮಾಡಬ್ಯಾಡ." ನಾನು ಆ ಪದ ದಾಟಿದೆ. ಕಥೆ ಮುಗಿಸಿ ಪುಸ್ತಕವನ್ನು ಮಾಸ್ತರರ ಕೈಗೆ ಕೊಟ್ಟೆ.

"ಛಲೋ ಓದಿದ್ರಿ," ಎಂದರು.

ಅಷ್ಟರಲ್ಲಿ ಮಗಳು ಅವರು ಕಟ್ಟುತ್ತಿದ್ದ ಗಂಟಿನಿಂದ ಮೀನಿನ ಪುಸ್ತಕವೊಂದನ್ನು ಎಳೆದುಕೊಂಡು ಬಂದಿದ್ದಳು. "ಅಪ್ಪಾ, ಇದ್ರಾಗ ಏನ್ ತಪ್ಪದ?"

ಮೀನಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. "ನೀನ ಓದಿ ಹುಡುಕು," ಎಂದೆ.

"ಟೈಮ್ ಆತು," ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು. ಅವಳು ಅವರಿಗೆ ಬೆನ್ನು ಮಾಡಿ ಕುಳಿತು ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು.