ಶೆಲ್ಫಿನ ಮೇಲಿನ ಮೋಟಾರು

ಕಾರು ಸ್ಟಾರ್ಟ್ ಆಗುತ್ತಿಲ್ಲ ಅಂತ ಉಯ್ಯಂಬಳ್ಳಿಯಿಂದ ನನ್ನ ಗ್ಯಾರೇಜಿಗೆ ಫೋನ್ ಬಂತು. ಹೋದರೆ ವಯಸ್ಸಾದ ಯಜಮಾನರೊಬ್ಬರು ಬಾನೆಟ್ ಎತ್ತಿಟ್ಟು ಕಾಯುತ್ತಿದ್ದರು. ಕೀ ತಿರುಗಿಸಿದೆ. ಟಕ್ ಅಂದು ಸುಮ್ಮನಾಯಿತು. ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ ಚಾರ್ಜ್ ಚೆನ್ನಾಗಿಯೇ ಇತ್ತು. ಬ್ಯಾಟರಿಗೆ ವೈರು ಕೂಡಿಸುವ ಟರ್ಮಿನಲ್ ಮುಟ್ಟಿದೆ, ಸಡಿಲವಾಗಿ ಅಲ್ಲಾಡಿತು. ಕೈಯಲ್ಲೇ ಒತ್ತಿ ತಿರುಚಿದ್ದರೂ ಗಾಡಿ ಹೊರಡುತ್ತಿತ್ತು.

ಹೇಳೋಣವೆಂದು ತಲೆಯೆತ್ತುವಷ್ಟರಲ್ಲಿ ಅವರೇ ಮಾತು ಶುರುಮಾಡಿದರು.

"ನಮ್ಮನೆಯವಳಿಗೆ ಎದೆನೋವು ಬಂದಾಗ ಇದ್ರಲ್ಲೇ ಮನಗ್ಸಿದ್ದೆ ಕಣಪ್ಪ. ಅವತ್ತೂ ಹಿಂಗೇ ಟಕ್ ಅಂತು. ಬೇರೆ ಗಾಡಿ ಬರೋಷ್ಟರಲ್ಲಿ ಹೊಂಟೋಗ್ಬುಟ್ಲು. ಅವತ್ತಿಂದ ಇದು ನಿಂತಲ್ಲೇ ನಿಂತೈತೆ. ನಂಗೆ ಒಸಿ ಗೊತ್ತಿದ್ದಿದ್ರೆ ಸರಿ ಮಾಡ್ಬೋದಿತ್ತಾ?"

ನನ್ನ ಬೆರಳು ಇನ್ನೂ ಟರ್ಮಿನಲ್ ಮೇಲೇ ಇತ್ತು.

"ಇಲ್ಲ ಯಜಮಾನ್ರೇ, ಸ್ಟಾರ್ಟರ್ ಮೋಟಾರೇ ಸುಟ್ಟೋಗೈತೆ. ನಾನೇ ಇಲ್ಲಿದ್ದಿದ್ರೂ ಆಯ್ತಿರ್ಲಿಲ್ಲ."

"ಹಂಗಾ" ಅಂದವರು ಜಗಲಿಯ ಮೇಲೆ ಕೂತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಹಾಗೆ ಹೇಳಿದ ಮೇಲೆ ಮೋಟಾರು ಬಿಚ್ಚಲೇಬೇಕಾಯಿತು. ಕಾರಿನಡಿ ಮಲಗಿ ಬಿಚ್ಚಿದೆ. ಮಾರನೆಯ ದಿನ ಬೇರೆಯದು ತಂದು ಹಾಕಿ, ಅವರ ಕಣ್ಣಿಗೆ ಬೀಳದ ಹಾಗೆ ಟರ್ಮಿನಲ್ ಬಿಗಿ ಮಾಡಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಮೆಕ್ಯಾನಿಕ್ಕುಗಳು ಚೆನ್ನಾಗಿರೋ ಪಾರ್ಟನ್ನೇ ಬಿಚ್ಚಿಕೊಂಡು ಹೋಗುತ್ತಾರೆ ಅಂತ ಜನ ಆಡಿಕೊಳ್ಳುತ್ತಾರೆ. ನಿಜ. ಅಂಥದ್ದೊಂದು ನನ್ನ ಶೆಲ್ಫಿನ ಮೇಲೇ ಇದೆ.